ಸೊಸೆ-ಅಳು

ಆಂಡಿಸ್ ಬೆಟ್ಟದ ಹೆಗಲಲ್ಲಿ, ಮೋಡಕ್ಕಿಂತ ಒಂದು ಮೆಟ್ಟಿಲು ಮೇಲೆ,
ಸಾತೂಕಾಳ ಹೊಲ. ಫೆಬ್ರವರಿ.
ಆಲೂಗಡ್ಡೆ ಹೂಬಿಟ್ಟಿದೆ.

ನಮಗೋ ಆಲೂಗಡ್ಡೆಯೆಂದರೆ ಪಲ್ಯ, ಬೋಂಡ;
ಅದಕ್ಕೂ ಹೂವುಂಟೇ ಎಂದು ಯಾರು ಕೇಳಿದ್ದರು?
ಇಲ್ಲಿ ಸಾಲಿಗೊಂದು ಬಣ್ಣ:
ನೇರಳೆ, ಹಾಲುಬಿಳಿ, ನೇರಳೆಯಂಚಿನ ಬಿಳಿ,
ಶಾಯಿ ಚೆಲ್ಲಿದ ಅಂಗಿ ಒಗೆದ ಮೇಲೂ ಉಳಿಯುವ ನೀಲಿ,
ಇನ್ನೊಂದಕ್ಕೆ ಹೆಸರೇ ಹೊಳೆಯದು.
ನೆಲ ಕೆದಕದೆಯೇ ಹೇಳುತ್ತಾಳೆ ಅವಳು
ಕೆಳಗೆ ಮಲಗಿರುವುದು ಯಾರೆಂದು:
ಪೂಮಾದ ಪಂಜ, ಲಾಮಾದ ಮೂಗು,
ಆಮೇಲೆ, ನಕ್ಕು, ಸೊಸೆ-ಅಳು.

ಮೈತುಂಬ ಗಂಟು ಅದಕ್ಕೆ.
ಮದುವೆಯಾಗಿ ಬಂದವಳ ಕೈಗೆ ಅತ್ತೆ ಅದನ್ನೇ ಕೊಡುವುದು:
ಸಿಪ್ಪೆ ತುಂಡಾಗದಂತೆ ಸುಲಿ, ನೋಡೋಣ.
ಸಾತೂಕಾಳ ಸಿಪ್ಪೆ ಹನ್ನೊಂದು ಕಡೆ ಹರಿದಿತ್ತು.
ಎಣಿಸಿದವಳು ಅತ್ತೆ ಫೌಸ್ತೀನಾ.

ಅದೇ ಅತ್ತೆ ಈಗ ಬದುವಿನ ಮೇಲೆ ಕೂತು
ಕೋಕಾ ಎಲೆ ಅಗಿಯುತ್ತ, ಯಾರೂ ಕೇಳದಿದ್ದರೂ, ಅಂದಳು:
"ನನ್ನದು ಹದಿನಾಲ್ಕು."

ಸ್ವಲ್ಪ ಹೊತ್ತು ಹೊಲದಲ್ಲಿ ಗಾಳಿ ಮಾತ್ರ ಓಡಾಡಿತು.

ಸಾತೂಕಾ ಬಗ್ಗಿ ಆ ಸಾಲಿನದೇ ಒಂದು ಗೊಂಚಲು ಕಿತ್ತು
ಮುದುಕಿಯ ಟೋಪಿಗೆ ಸಿಕ್ಕಿಸಿದಳು.
ತೆಳು ನೇರಳೆ, ನಡುವೆ ಹಳದಿ ಮೂತಿ,
ಒಂದು ಗಂಟೂ ಇಲ್ಲದ ಹೂವು.