ಸ್ಥಿತಿ: ಕಳಪೆ

ಪೆಟ್ರೋಲು ಬತ್ತಿದ ಬಂಕಿನಲ್ಲಿ ನನ್ನ ಅಂಗಡಿ.
ಯಾಝೂ ಹೊಳೆಗೆ ಮೂರು ಮೈಲಿ, ಹೆದ್ದಾರಿಗೆ ಬೆನ್ನು.
ಟೈರು ಪೇರಿಸುತ್ತಿದ್ದ ಕಡೆ ಈಗ ಅಮೆರಿಕದ ಚರಿತ್ರೆ.
ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ,
ಪುಸ್ತಕಕ್ಕೂ ನನಗೂ ಒಗ್ಗಿಹೋಗಿದೆ.

ತೀರಿಕೊಂಡವರ ಮನೆಯಿಂದ ಬರುತ್ತವೆ, ಡಬ್ಬಗಟ್ಟಲೆ.
ಮಕ್ಕಳಿಗೆ ಬೆಳ್ಳಿ ಚಮಚ ಬೇಕು, ಬಂದೂಕು ಬೇಕು,
ಅಪ್ಪ ನಲವತ್ತು ವರ್ಷ ತರಿಸಿದ ಚರಿತ್ರೆಯ ಮಾಸಪತ್ರಿಕೆ
ಯಾರಿಗೆ ಬೇಕು?
ಪ್ರತಿ ಸಂಚಿಕೆಯ ಮೇಲೂ ಅದೇ ಹೆಸರು, ಅದೇ ವಿಳಾಸದ ಚೀಟಿ.
ಕೊನೆಯ ಎಂಟರ ಕವರು ಒಡೆದೇ ಇಲ್ಲ.
ಅಲ್ಲಿಗೆ ಗೊತ್ತಾಗುತ್ತದೆ, ಕಣ್ಣು ಹೋದದ್ದು ಯಾವಾಗ.

ಗಿರಾಕಿಗಳೂ ಹಾಗೇ.
ಒಬ್ಬನಿಗೆ ಅಂತರ್ಯುದ್ಧ ಬಿಟ್ಟು ಬೇರೇನೂ ಬೇಡ,
ಅದರಲ್ಲೂ ಕುದುರೆ ಇರುವ ಪುಟ.
ಹೋಟೆಲಿನವಳು ಗಜಕ್ಕಿಷ್ಟು ಎಂದು ಕೊಳ್ಳುತ್ತಾಳೆ,
ಬೆನ್ನು ಕೆಂಪಗಿದ್ದರೆ ಆಯ್ತು,
ಒಳಗೆ ಯಾವ ಅಧ್ಯಕ್ಷ ಸತ್ತರೆ ಏನು.

ಶನಿವಾರ ಶನಿವಾರ ಆರ್ಡೀಲಿಯಾ ಗೋಲ್‌ಸ್ಟನ್.
ಎಂಬತ್ತು ತುಂಬಿದೆ, ಹ್ಯಾಟು ಮಾತ್ರ ಚರ್ಚಿಗೆ ಹೊರಟ ಹಾಗೆ.
ಬೇಕಾದದ್ದು ಆರನೇ ತರಗತಿಯ ಚರಿತ್ರೆ ಪಠ್ಯ,
ನೀಲಿ ರಟ್ಟು, ಮೂವತ್ತೆಂಟರ ಮುದ್ರಣ.
ಆಮೇಲಿನದನ್ನು ತೋರಿಸಿದರೆ ಮುಟ್ಟುವುದೂ ಇಲ್ಲ.

'ನೂರ ಎಂಬತ್ತೇಳರಿಂದ ನೂರ ತೊಂಬತ್ತು,' ಅಂದಳು ಒಮ್ಮೆ,
'ನಮ್ಮ ಕೈಗೆ ಬರುವಾಗಲೇ ಇರಲಿಲ್ಲ.
ಬಿಳಿಯರ ಶಾಲೆ ಹದಿಮೂರು ವರ್ಷ ಉಂಡು
ಕಳಿಸಿದ ಎಂಜಲು.
ಟೀಚರು ನೂರ ಎಂಬತ್ತಾರಕ್ಕೆ ನಿಲ್ಲಿಸಿ
ಕಿಟಕಿಯ ಕಡೆ ನೋಡಿ
ನೂರ ತೊಂಬತ್ತೊಂದಕ್ಕೆ ಹಾರುತ್ತಿದ್ದರು.
ಎಷ್ಟು ವರ್ಷವಾಯಿತು, ಆ ಎರಡು ಹಾಳೆ
ಹಲ್ಲು ಕಿತ್ತ ಜಾಗ. ನಾಲಿಗೆ ಅಲ್ಲಿಗೇ ಹೋಗುತ್ತೆ.'

ಈ ಮಾರ್ಚಿನಲ್ಲಿ, ಮುಚ್ಚಿದ ಶಾಲೆಯೊಂದರ ನೆಲಮಾಳಿಗೆಯಿಂದ
ಎರಡು ಪ್ರತಿ ಒಟ್ಟಿಗೆ ಬಂದವು.
ಒಂದು ಇಡಿಯಾಗಿ, ಯಾರೂ ತೆರೆದಂತಿಲ್ಲ.
ಇನ್ನೊಂದಕ್ಕೆ ನೀರಿನ ಕಲೆ, ಸಡಿಲ ಬೆನ್ನು,
ರಟ್ಟಿನೊಳಗೆ ಆ ಹಳೆಯ ಮೊಹರು:
ವಿದ್ಯಾರ್ಥಿ, ವರ್ಷ, ಪುಸ್ತಕದ ಸ್ಥಿತಿ.
ಮೊದಲ ಸಾಲು ಹಾಯ್ಟ್ ಲ್ಯಾಂಗ್‌ಫರ್ಡ್, ಹೊಸದು.
ನನ್ನ ದೊಡ್ಡಪ್ಪ.
ಆಮೇಲೆ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ.
ಆಮೇಲೆ ರೂಲುಕಡ್ಡಿ ಇಟ್ಟು ಎಳೆದ ಗೆರೆ.
ಗೆರೆಯ ಕೆಳಗೆ ಬೇರೆ ಶಾಲೆ, ಬೇರೆ ಶಾಯಿ,
ಎಲ್ಲ ಹೆಸರಿನ ಮುಂದೂ ಕಳಪೆ.
ಮೂರನೆಯದು ಅವಳದು,
ಗುಂಡಗೆ, ಒಂದೊಂದೇ ಅಕ್ಷರ ತೊಳೆದಿಟ್ಟ ಹಾಗೆ.

ದೊಡ್ಡಪ್ಪನ ಕತೆ ನನಗೆ ಗೊತ್ತು.
ಪಾಠದ ಹೊತ್ತಿನಲ್ಲಿ ಕಾಗದದ ವಿಮಾನ ಬಿಟ್ಟು
ಏಟು ತಿಂದದ್ದನ್ನು ಪ್ರತಿ ಕ್ರಿಸ್‌ಮಸ್ಸಿಗೂ ಹೇಳುತ್ತಿದ್ದ.
ಕಾಗದ ಎಲ್ಲಿಯದೆಂದು ನಾವು ಯಾರೂ ಕೇಳಿರಲಿಲ್ಲ.
ಈಗಲೂ ನಾನು ಬಾಯಿ ಬಿಡಲಿಲ್ಲ.

ಇಡಿಯದನ್ನು ಅವಳು ನಿಂತೇ ಓದಿದಳು.
ಹತ್ತಿ ಬಿಡಿಸುವ ಜನರದೊಂದು ಚಿತ್ರ.
ಕೆಳಗೆ: ಸಂಜೆಯಾದರೆ ಅವರು ಕುಣಿಯುತ್ತಿದ್ದರು,
ಯಜಮಾನ ದಯಾಳು, ಚಿಂತೆ ಎಂಬುದೇ ಇರಲಿಲ್ಲ.
ಕೊನೆಗೆ ಅಭ್ಯಾಸ:
ಅವರು ಯಾಕೆ ಸಂತೋಷವಾಗಿದ್ದರು?
ಎರಡು ವಾಕ್ಯದಲ್ಲಿ ಉತ್ತರಿಸಿ.

ಹ್ಯಾಟು ತೆಗೆದು ಕೌಂಟರಿನ ಮೇಲಿಟ್ಟಳು.
ನಗು ಬಂತು, ಮೊದಲು ಭುಜಕ್ಕೆ, ಆಮೇಲೆ ಬಾಯಿಗೆ.
'ಹರಿದವರ ಹೊಟ್ಟೆ ತಣ್ಣಗಿರಲಿ.'
ಸ್ವಲ್ಪ ಹೊತ್ತು ಬಿಟ್ಟು:
'ಟೀಚರ ಮೇಜಿನ ಮೇಲೆ ಒಂದು ಕತ್ತರಿ ಇರುತ್ತಿತ್ತು.
ಅದಕ್ಕೇ ಇರಬೇಕು, ಕಿಟಕಿ.'

ಒಳ್ಳೆಯ ಪ್ರತಿ ವಾಪಸು ಹೋಯಿತು, ಬೆನ್ನು ಗೋಡೆಗೆ.
ಹರಿದದ್ದಕ್ಕೆ ಎಷ್ಟು ಅಂದಳು.
ದುಡ್ಡು ಬೇಡ ಅಂದೆ.
'ಬಿಟ್ಟಿ ಬಂದದ್ದು ಒಂದು ಸಲ ಸಾಕು.'
ನಾಲ್ಕು ಡಾಲರು, ಮಡಿಕೆ ಬಿಡಿಸಿ, ಎಣಿಸಿ.

ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು:
ಹೆಸರು, ಬೆಲೆ, ಸ್ಥಿತಿ.
ಪೆನ್ಸಿಲನ್ನು ಎರಡು ಸಲ ಚೂಪು ಮಾಡಿದೆ.
ಹೊರಗೆ ಅವಳ ಕಾರು
ಮೂರನೇ ಸಲಕ್ಕೆ ಸ್ಟಾರ್ಟ್ ಆಯ್ತು.