ಔಟಾದವರ ಲೆಕ್ಕ

ಕುಣಿಯಲು ಬಾರದವರು ನೆಲ ಡೊಂಕು ಅನ್ನುತ್ತಾರಂತೆ.
ಟಾಡ್‌ಮರ್ಡನ್ನಿನ ಈ ಹಳೇ ಹತ್ತಿಗಿರಣಿ ಕ್ಲಬ್ಬಿನಲ್ಲಿ
ನೆಲ ನಿಜಕ್ಕೂ ಡೊಂಕು.
ನನ್ನನ್ನು ಕೇಳಿ. ಬ್ರೇಕು ಹಾಕದೆ ಬಿಟ್ಟರೆ
ಈ ಗಾಲಿಕುರ್ಚಿ ತಾನಾಗಿಯೇ ನನ್ನನ್ನು ಹೊತ್ತು
ಕಾಲುವೆ ಕಡೆಯ ಕಿಟಕಿಗೆ ಹೋಗಿ ನಿಲ್ಲುತ್ತದೆ.

ಫೆಬ್ರವರಿಯ ಶನಿವಾರ.
ಹೊರಗೆ ಅರ್ಧ ಮಳೆ, ಅರ್ಧ ಹಿಮ.
ಒಳಗೆ ಟೆಕ್ಸಾಸ್.
ಒಂದು ಕರುವನ್ನೂ ಗೂಟಕ್ಕೆ ಕಟ್ಟಿ ಗೊತ್ತಿಲ್ಲದ ಅರವತ್ತು ಜನ
ದನಗಾಹಿ ಟೋಪಿ ಹಾಕಿ ಬಂದಿದ್ದಾರೆ.
ದಂತವೈದ್ಯನ ಸೊಂಟದಲ್ಲಿ ಅಂಗೈಯಗಲದ ಬಕಲು,
ಗ್ರಂಥಾಲಯದ ಮಿಸ್ ಆಗ್ಡನ್ ತೋಳಿನುದ್ದಕ್ಕೂ ಜಾಲರಿ.
ಬೂಟುಗಳು ಮಾತ್ರ ಅಸಲಿ; ನೆಲ ಗುದ್ದಿದಾಗೆಲ್ಲ
ಬಾರಿನ ಗ್ಲಾಸುಗಳು ಒಂದರ ಕಿವಿಯಲ್ಲೊಂದು
ಚಾಡಿ ಹೇಳುತ್ತವೆ.

ನನ್ನ ಮಡಿಲಲ್ಲಿ ಬಕೆಟ್ಟು.
ಮುಂಚೆ ಮೇಯೊನೇಸ್ ಇತ್ತು ಇದರಲ್ಲಿ, ವಾಸನೆ ಇನ್ನೂ ಹೋಗಿಲ್ಲ.
ಈಜುಕೊಳದ ಅಂಚಿಗೊಂದು ಎತ್ತುಕುರ್ಚಿ ಬೇಕು,
ಕೂತವರನ್ನು ಮೆಲ್ಲಗೆ ನೀರಿಗಿಳಿಸಿ
ಮೆಲ್ಲಗೆ ಮೇಲೆತ್ತುವಂಥದ್ದು.
ನಾಲ್ಕು ಸಾವಿರದ ಇನ್ನೂರು ಪೌಂಡು, ಜೋಡಣೆ ಬೇರೆ.
ಹೋದ ವರ್ಷ ಕೌನ್ಸಿಲ್ಲಿನವರು ಬಂದು
ಕೊಳದ ಆಳ ಅಳೆದರು, ಅಗಲ ಅಳೆದರು,
ಚಹಾ ಕುಡಿದು ಹೋದರು.

ನಿಯಮ ಇಷ್ಟೇ: ಹೆಜ್ಜೆ ತಪ್ಪಿದ ಜೋಡಿಯ ಬೆನ್ನನ್ನು
ತೀರ್ಪುಗಾರ ಬೆರಳಿಂದ ಮುಟ್ಟಿದರೆ ಔಟು.
ಯಾರಾದರೂ ಐದು ಪೌಂಡು ಬಕೆಟ್ಟಿಗೆ ಹಾಕಿದರೆ
ಔಟಾದವರು ಮತ್ತೆ ಒಳಗೆ.
ಪುನರ್ಜನ್ಮ ಇಷ್ಟು ಅಗ್ಗಕ್ಕೆ ಇನ್ನೆಲ್ಲೂ ಸಿಗದು.
ತೀರ್ಪುಗಾರ ಸಿರಿಲ್ ಶವಪೆಟ್ಟಿಗೆ ಮಾಡುವವನು;
ಅವನು ಬೆನ್ನು ಮುಟ್ಟಿದರೆ ಎಲ್ಲರೂ ಬೆಚ್ಚುವುದು ಅದಕ್ಕೇ.

ರಾಚ್‌ಡೇಲಿನ ಜೋಡಿ, ನಂಬರು ನಾಲ್ಕು,
ನೀರ ಮೇಲೆ ಎಣ್ಣೆ ಹರಡಿದ ಹಾಗೆ ಹರಡಿತು.
ಬೇಗ ಬೇಗ, ನಿಧಾನ, ನಿಧಾನ.
ಅವಳ ಲಂಗದ ಅಂಚು ಕೂಡ ತಾಳ ತಪ್ಪಲಿಲ್ಲ.
ಎಲ್ಲರೂ ಮೆಚ್ಚಿದರು, ಯಾರೂ ಕಾಸು ಬಿಚ್ಚಲಿಲ್ಲ.
ತಪ್ಪದವರನ್ನು ಯಾರು ಕೊಂಡುಕೊಳ್ಳುತ್ತಾರೆ?

ನಂಬರು ಇಪ್ಪತ್ತೇಳು, ಎಂಟ್ವಿಸಲ್.
ಗ್ಯಾಸ್ ಮೀಟರು ಓದುವವನು. ಆರಡಿ ಮೂರಂಗುಲ,
ಕಾಲೆರಡಕ್ಕೂ ಬೇರೆ ಬೇರೆ ಯಜಮಾನರು.
ಜೊತೆಗೆ ಅತ್ತಿಗೆ ಮ್ಯೂರಿಯಲ್, ಹಲ್ಲು ಕಚ್ಚಿಕೊಂಡು.
ಮೊದಲ ಹಾಡಿಗೇ ಔಟು.
ಔಷಧದಂಗಡಿಯವಳು ಐದು ಹಾಕಿದಳು. ಒಳಗೆ.
ಗಿರಕಿಯಲ್ಲಿ ಟೋಪಿ ಹಾರಿ ಸೂಪಿನ ಪಾತ್ರೆಗೆ ಬಿತ್ತು. ಔಟು.
ಸೂಪು ಬಡಿಸುವವನೇ ಹತ್ತು ಹಾಕಿದ. ಒಳಗೆ.
ಔಟು. ಒಳಗೆ.
ಇಡೀ ಸುತ್ತು ಬಲಕ್ಕೆ ಹೊರಟಾಗ ಇವರಿಬ್ಬರು ಎಡಕ್ಕೆ,
ಎದುರುಗಾಳಿಗೆ ಬಿಚ್ಚಿಕೊಂಡ ಕೊಡೆಯ ಹಾಗೆ.
ಬಾಗಿಲಲ್ಲಿ ಕೋಟು ಕಾಯುವ ಹುಡುಗ ಕೂಡ
ಟಿಪ್ಸಿನ ಚಿಲ್ಲರೆ ಎಣಿಸಿ ತಂದ.
ನಲವತ್ತು ಪೆನ್ಸ್ ಕಡಿಮೆ. ನಾನು ನೋಡಲಿಲ್ಲ ಅಂದುಕೊಳ್ಳಿ.

ಹದಿನಾಲ್ಕು ಸಲ ಹೋದ, ಹದಿನಾಲ್ಕು ಸಲ ಬಂದ.
ಕೊನೆಯ ಸಲ ಸಿರಿಲ್,
ಔಟು ಮಾಡಿದ ಅದೇ ಕೈಯಿಂದ
ಜೇಬಿನ ಇಪ್ಪತ್ತರ ನೋಟು ತೆಗೆದ.

ಟ್ರೋಫಿ ರಾಚ್‌ಡೇಲಿಗೆ ಹೋಯಿತು. ಹೋಗಬೇಕಾದದ್ದೇ.
ಎಂಟ್ವಿಸಲ್ ಬಂದು ನನ್ನ ಪಕ್ಕ ನೆಲದ ಮೇಲೆ ಕೂತ,
ಬೂಟು ಕಳಚಿದ. ಹಿಮ್ಮಡಿಯಲ್ಲಿ ರಕ್ತ.
ನಿನ್ನದೇ ಎಂಬತ್ತೊಂಬತ್ತು ಪೌಂಡು ಅರವತ್ತು ಪೆನ್ಸ್, ಅಂದೆ.
ಏನು ನಟನೆ ಮಾಡಿದೆಯಪ್ಪ, ಬೇಕಂತಲೇ ತಪ್ಪುವುದು
ಎಷ್ಟು ಕಷ್ಟ.
ಅವನ ಮುಖ ಸಣ್ಣದಾಯಿತು.
ಆರು ತಿಂಗಳು ಕಲಿತಿದ್ದೆ, ಅಂದ.
ಮಂಗಳವಾರ, ಗುರುವಾರ. ಗ್ಯಾರೇಜಿನ ನೆಲದಲ್ಲಿ
ಸೀಮೆಸುಣ್ಣದಿಂದ ಪಾದಗಳನ್ನು ಬರೆದುಕೊಂಡು.

ಏನನ್ನಬೇಕೋ ತೋಚಲಿಲ್ಲ.
ಬಕೆಟ್ಟಿನ ಹಿಡಿ ತಿರುವಿದೆ.
ನೆಲ ಡೊಂಕು ಮಾರಾಯ, ಅಂದೆ.

ನಂಬಲಿಲ್ಲ. ಬಕೆಟ್ಟಿಗೆ ಕೈ ಹಾಕಿ
ಒಂದು ಪೌಂಡಿನ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದ.
ಅದು ಕೊಂಚ ಯೋಚಿಸಿತು.
ಆಮೇಲೆ ಹೊರಟಿತು, ಮಡಚಿಟ್ಟ ಕುರ್ಚಿಗಳ ಸಂದಿಯಲ್ಲಿ,
ಜಾಲರಿಯಿಂದ ಉದುರಿದ ಎಳೆಗಳನ್ನು ದಾಟಿ,
ಯಾರಿಗೂ ತಾಗದೆ,
ಕಾಲುವೆ ಕಡೆಯ ಕಿಟಕಿಗೆ.

ಇಬ್ಬರೂ ನೋಡಿದೆವು ಸ್ವಲ್ಪ ಹೊತ್ತು.

ಹೋಗಿ ಅದನ್ನು ತಂದುಹಾಕು, ಅಂದೆ.
ಲೆಕ್ಕಕ್ಕಿದೆ.