ಉಬ್ಬುವ ಜಾಗ

ಎದೆಲ್ಮಿರಾ ಬಂದಳು, ಕಂಕುಳಲ್ಲಿ
ಹಳೆಯ ಬಚ್ಚಲ ಕಪಾಟಿನ ಒಂದು ಬಾಗಿಲು.
ಒತ್ತಿ ಅಂಟಿಸಿದ ಹೊಟ್ಟು, ಮೇಲೊಂದು ಬಿಳಿ ಹಾಳೆ,
ಕಾಸ್ತ್ರೋ ಪೇಟೆಯ ದೊಡ್ಡಂಗಡಿಯಲ್ಲಿ ಕಂತಿಗೆ ಕೊಂಡದ್ದು.
ಹದಿನಾಲ್ಕೇ ತಿಂಗಳಿಗೆ
ಹಾಲಲ್ಲಿ ಮರೆತ ಬನ್ನಿನ ಹಾಗೆ ಅಂಚು ಉಬ್ಬಿ,
ತಿರುಪುಗಳು ಮುದಿಹಲ್ಲಿನಂತೆ ಉದುರಿ,
ಕೆರೆದರೆ ಉಗುರಿಗೇ ಬರುತ್ತಿತ್ತು.

'ಈ ಸಲ ಮರವೇ ಆಗಬೇಕು' ಅಂದಳು.
ಯಾವುದು?
'ನೀರು ಕುಡಿಯದ್ದು.'

ನೀರು ಕುಡಿಯದ ಮರವಿಲ್ಲ, ತಾಯಿ.
ಕುಡಿದೂ ನೆಟ್ಟಗೆ ಮನೆಗೆ ನಡೆದು ಬರುವಂಥದ್ದು ಬೇಕು ನಿನಗೆ.

ಬೆಂಚಿನ ಮೇಲೆ ತುಂಡುಗಳನ್ನಿಟ್ಟೆ.
ತೇಪಾ: ಅಗ್ಗ, ಬೆಳ್ಳಗೆ, ಹಸಿ ಹಾಲಿನಷ್ಟೇ ಬೇಗ ಕೆಡುತ್ತದೆ.
ಲೂಮಾ ಗುದ್ದಲಿಯ ಕಾವಿಗೆ, ಗಾಡಿಯ ಅಚ್ಚಿಗೆ;
ಮೊಳೆಯೇ ಸೋತು ಬಾಗುತ್ತದೆ ಅದರ ಮುಂದೆ,
ಬಚ್ಚಲಲ್ಲಿ ಅಷ್ಟೊಂದು ಹಟ ಯಾಕೆ?
ಇದು ಮನ್ಯೀಯೋ, ಹೇಳಿದ ಮಾತು ಕೇಳುತ್ತದೆ,
ಕೀಸಿದರೆ ರೇಷ್ಮೆ, ಆದರೆ ಹಬೆ ಕಂಡರೆ ಅಳುಕು.
ಅಲೆರ್ಸೆ ಕಡಿಯುವಂತಿಲ್ಲ, ಕಾನೂನಿದೆ.
ಸತ್ತು ಬಿದ್ದದ್ದು ಸಿಕ್ಕೀತು, ಕಾಗದಪತ್ರ ಸರಿಯಿದ್ದರೆ.
ಅಜ್ಜಿಯ ಅಜ್ಜಿಯ ಅಜ್ಜಿಗಿಂತ ಹಿರಿಯ ಮರದೆದುರು ನಿಂತು
ಹಲ್ಲುಜ್ಜಲು ನನಗಂತೂ ಸಂಕೋಚ.

ಆಗ ನಕ್ಕಳು.

ದಿನಕ್ಕೆ ಎಷ್ಟು ಸಲ ಬಿಸಿನೀರು?
(ಕಸುಬಿನ ಪ್ರಶ್ನೆ, ಎಲ್ಲರಿಗೂ ಕೇಳುತ್ತೇನೆ.)
'ಮೂರು. ಚಳಿಗಾಲಕ್ಕೆ ನಾಲ್ಕು.
ರೊಸಮೆಲ್‌ನ ಕೀಲಿಗೆ.'

ರೊಸಮೆಲ್ ಯಾರಿಗೆ ಗೊತ್ತಿಲ್ಲ ಕೆಮ್ಚಿಯಲ್ಲಿ?
ಹಳದಿ ಕೊಳವೆ ಕಚ್ಚಿಕೊಂಡು,
ದೋಣಿಯ ಮೇಲಿನ ಕಂಪ್ರೆಸರು ಕೊಟ್ಟ ಉಸಿರನ್ನೇ ಉಸಿರಾಡುತ್ತ
ಹದಿನೈದು ಮಾರು ಕೆಳಗೆ ಚಿಪ್ಪು ಆಯುತ್ತಿದ್ದವನು.
ಒಂದು ಬೆಳಿಗ್ಗೆ ಕಂಪ್ರೆಸರು ಕೆಮ್ಮಿ ನಿಂತಿತು.
ನಿಂತು ನಿಂತು ಬರಬೇಕಾದ ದಾರಿಯಲ್ಲಿ
ಎಲ್ಲೂ ನಿಲ್ಲದೆ ಮೇಲೆ ಬಂದ.
ರಕ್ತದೊಳಗೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ.
ಅಂದಿನಿಂದ ಕೈ ಭುಜದ ಮೇಲಕ್ಕೆ ಏಳದು,
ಬೆರಳತುದಿಗೆ ಸ್ಪರ್ಶ ಕಂತಿನಲ್ಲಿ ಬರುತ್ತದೆ.

ಕಿವಿಯ ಪೆನ್ಸಿಲು ತೆಗೆದೆ, ಮತ್ತೆ ಕಿವಿಗೇ ಸಿಕ್ಕಿಸಿದೆ.
ಹಿಂದಿನ ಶೆಡ್ಡಿಗೆ ಹೋಗಿ ಒಂದು ಕಂಬ ಎಳೆದು ತಂದೆ.
ದಕ್ಷಿಣದ ದ್ವೀಪಗಳ ಸಿಪ್ರೆಸ್,
ಯಾರದೋ ಬೇಲಿಯಾಗಿ ನಲವತ್ತು ವರ್ಷ ಕೆಸರಲ್ಲಿ ನಿಂತದ್ದು.
ಮೇಲೆಲ್ಲ ಬೂದಿ, ಪಾಚಿ, ಕುರಿ ಮೈಯುಜ್ಜಿದ ಎಣ್ಣೆ.
ಕೀಸುಳಿಯ ಮೂರನೆಯ ಎಳೆತಕ್ಕೆ
ಜೇನು ಬಣ್ಣದ ಚೇಗು ಕಂಡಿತು,
ಘಾಟು ಎದ್ದಿತು, ಹೊಸ ದೋಣಿಯ ಹೊಟ್ಟೆಯ ವಾಸನೆ.

ಒಂದು ಸುರುಳಿ ಎತ್ತಿ ಮೂಗಿಗೆ ಹಿಡಿದಳು.
ಬೆಲೆ ಕೇಳಿದಳು. ಹೇಳಿದೆ.
ಸುರುಳಿಯನ್ನು ಕೆಳಗಿಟ್ಟಳು.

ಬಾಗಿಲಿಗೆ ಮಾತ್ರ ಇದು ಸಾಕು, ಒಳಹಲಗೆಗೆ ಮನ್ಯೀಯೋ,
ಬಾಕಿಗೆ ಆಲೂಗಡ್ಡೆ ಕೊಡು, ಆ ನೇರಳೆಯದು.

ಗೋಡೆಗೆ ತೂಗುಹಾಕುವುದು ಬೇಡ,
ಮೊಣಕಾಲಿಗೂ ಸೊಂಟಕ್ಕೂ ನಡುವೆ ಇರಲಿ.
ಹಿಡಿ ಹುಟ್ಟಿನ ಹಿಡಿಯಷ್ಟು ದಪ್ಪ,
ಮರಗಟ್ಟಿದ ಬೆರಳಿಗೂ ಸಿಗುವ ಹಾಗೆ.
ಬಿಜಾಗರಿ ಹಿತ್ತಾಳೆಯದು. ವಾರ್ನಿಷು ಬೇಡ,
ವರ್ಷಕ್ಕೆರಡು ಸಲ ಎಣ್ಣೆ, ಹಳೆ ಬನಿಯನ್ನಿನಲ್ಲಿ.
ಎರಡು ಬಾಗಿಲ ನಡುವೆ ನೂರು ಪೆಸೊ ನಾಣ್ಯದಷ್ಟು ಸಂದು.

'ಅಷ್ಟು ಬಿರುಕೇ? ಚೆಂದ ಕಾಣದು.'

ಹಬೆ ಏಳುವಾಗ ಮರ ಅಷ್ಟು ದೂರ ನಡೆಯುತ್ತದೆ,
ಆರುವಾಗ ತಿರುಗಿ ಬರುತ್ತದೆ.
ಜಾಗ ಬಿಡದಿದ್ದರೆ ಬಾಗಿಲು ಬಾಗಿಲನ್ನು ಕಚ್ಚಿಕೊಳ್ಳುತ್ತದೆ,
ರೊಸಮೆಲ್ ಎಳೆಯಲಾರ.

'ಯಾವಾಗ ಕೊಡುತ್ತೀ?'
ಈಸ್ಟರ್ ಕಳೆದು ಆರು ವಾರ.
ಈ ಕಂಬದ ಹೊಟ್ಟೆಯಲ್ಲಿ ನೆಲದ ನೀರು ಇನ್ನೂ ಇದೆ,
ಒಲೆಯ ಪಕ್ಕ ಇಟ್ಟು ಅವಸರ ಮಾಡಿದೆನೋ
ಹೊರಗೆ ನುಣ್ಣಗಿದ್ದು ಒಳಗೆ ಬಿರಿಯುತ್ತದೆ.

'ಗೊತ್ತು' ಅಂದಳು ಎದೆಲ್ಮಿರಾ,
ಸುರುಳಿಯನ್ನು ಮತ್ತೆ ಎತ್ತಿ
ಕೋಟಿನ ಜೇಬಿಗೆ ಹಾಕಿಕೊಂಡಳು.

ಉಬ್ಬಿದ ಬಿಳಿ ಬಾಗಿಲು ಇಲ್ಲೇ ಉಳಿಯಿತು.
ಒಲೆಗೂ ಆಗದು, ಅಂಟು ಉರಿದರೆ ಕೆಟ್ಟ ಹೊಗೆ.
ಅದರ ಮೇಲೆಯೇ
ಅವಳ ಬಚ್ಚಲ ಅಳತೆ ಬರೆದಿಟ್ಟಿದ್ದೇನೆ.